ದೊಡ್ಡಿಯ ಅಳತೆ

“ಗಂಡ ಸತ್ರೆ ಕಂಪನಿ ಟೇಪು ನುಂಗಬೋದು ಅಂತ ಐತೇನೇ?”

ಹಾಲು-ತುಪ್ಪ ಬಿಟ್ಟ ಮರುದಿನ. ಮಾನಸ ಮುಸುರೆ ತಿಕ್ಕುತ್ತಿದ್ದಳು. ಮೇಸ್ತ್ರಿ ತೋಟಪ್ಪ ಬೈಕಿನಿಂದ ಇಳಿಯಲೂ ಇಲ್ಲ. ಅಳತೆ ಟೇಪು ಗೂಟಕ್ಕೆ ನೇತಾಡುತ್ತಿತ್ತು. ಶಿಕಾರಿಪುರದ ಹೊಸ ರೈಲು ನಿಲ್ದಾಣದ ಪಕ್ಕ, ಇದೇ ಕೇರಿ ಕೆಡವಿ ಕಟ್ಟಲಿರುವ ಅಪಾರ್ಟ್‌ಮೆಂಟಿನ ನಕ್ಷೆಗೆಂದು ಅವಳ ಗಂಡ ಪರಶುರಾಮ ಅದನ್ನು ಇಂಜಿನಿಯರರಿಂದ ಕೇಳಿ ತಂದಿದ್ದ. ಕೊನೆಗೆ ಅಳೆಯುತ್ತಿದ್ದ ಗೋದಾಮಿನ ಗೋಡೆಯೇ ಅವನ ಮೇಲೆ ಕುಸಿದಿತ್ತು.

“ಆಫೀಸಿಗೇ ತಂದ್ ಕೊಡ್ತೀನಿ, ನಡೀರಿ.”

“ಹನ್ನೊಂದು ದಿನ ಹೊಸ್ತಿಲು ದಾಟಂಗಿಲ್ಲ ಕಣೇ,” ಅಂದಳು ಅತ್ತೆ ಗುಡ್ಡಮ್ಮ. ಮಾನಸ ದಾಟಿದಳು.

ಆಫೀಸಿನ ಗೋಡೆಯ ಮೇಲೆ ನಕ್ಷೆ. ಅವಳು ಎಂ.ಎ. ಓದಿದವಳು, ನಕ್ಷೆ ಓದುವುದನ್ನು ಕಲಿಸಿದ್ದು ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಪರಶುರಾಮ. ಪ್ರತಿ ಮನೆಗೂ ನೆಲದ ಮೇಲೆ ಹದಿನಾರಡಿ ಉದ್ದ, ಎಂಟಡಿ ಅಗಲದ ಕುರಿದೊಡ್ಡಿ ಅಂತ ಅವನು ಹೇಳಿದ್ದಕ್ಕೇ ಕೇರಿಯ ಇಪ್ಪತ್ತೆರಡು ಮನೆಯವರು ಜಾಗ ಬಿಟ್ಟುಕೊಡಲು ಹೆಬ್ಬೆಟ್ಟು ಒತ್ತಿದ್ದರು. ನಕ್ಷೆಯಲ್ಲಿ ದೊಡ್ಡಿಗಳ ಜಾಗದಲ್ಲಿ ಈಗ ಕಾರು ನಿಲ್ಲಿಸುವ ಚೌಕಗಳಿದ್ದವು. ಕೆಳಗೆ ಅವನ ಸಹಿ.

“ಇದಕ್ಕೆ ಅವ್ರು ಒಪ್ಪಿದ್ರಾ?”

“ಫ್ಲ್ಯಾಟ್ ತಗೊಳ್ಳೋರಿಗೆ ಕುರಿ ವಾಸ್ನೆ ಆಗಲ್ಲಮ್ಮ,” ಇಂಜಿನಿಯರ್ ಚಂದ್ರಶೇಖರ್ ನಕ್ಕರು. “ನಿಮ್ಮ ಯಜಮಾನ್ರು ಬುದ್ಧಿವಂತ್ರು. ಕೇರಿಯೋರ ದೊಡ್ಡಿ ಬಿಟ್ಕೊಟ್ರು, ತಮಗೊಂದು ಕೆಳಗಿನ ಮನೆ ಬರೆಸ್ಕೊಂಡ್ರು. ತಗೊಳ್ಳಿ, ಆ ಮನೆ ಪತ್ರ. ಬಾಯಿ ಮುಚ್ಕೊಂಡು ಹಾಯಾಗಿರಿ.”

ಟೇಪು ಕೊಡದೆಯೇ ಮಾನಸ ಹೊರಟಳು.

ಕೇರಿಯ ನಡುವೆ ನಿಂತು ಪತ್ರವನ್ನು ಗಟ್ಟಿಯಾಗಿ ಓದಿದಳು. ಗುಡ್ಡಮ್ಮನೇ ಮೊದಲು ಬಾಯಿಬಿಟ್ಟಳು.

“ತನ್ನ ಹೆಣ ಹೊತ್ತೋರ ದೊಡ್ಡೀನೇ ಮಾರಿದ್ನಾ? ಥೂ, ನನ್ನ ಹೊಟ್ಯಾಗ ಹುಟ್ಟಿದ ಹಲ್ಕಟ್ಟ!”

ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು ತಮ್ಮ ದೊಡ್ಡಿಯ ಬಾಗಿಲು ತೆಗೆದಳು.

ಆಫೀಸಿನ ಮುಂದೆ ಚಂದ್ರಶೇಖರ್ ಊಟಕ್ಕೆ ಹೊರಟು ಕಾರಿನಲ್ಲಿ ಕೂತಿದ್ದರು. ಮಾನಸ ಟೇಪು ಎಳೆದಳು. ಒಂದು ತುದಿಯನ್ನು ಗುಡ್ಡಮ್ಮ ಮೆಟ್ಟಿ ಹಿಡಿದಳು. ಕಾರಿನ ಸುತ್ತ ಸುಣ್ಣದ ಗೆರೆ ಬಿತ್ತು: ಹದಿನಾರಡಿ, ಎಂಟಡಿ. ಕುರಿಗಳು ನುಗ್ಗಿ ಕಾರಿನ ಬಾಗಿಲಿಗೆ ಒತ್ತಿ ನಿಂತವು.

“ಏಯ್, ಹೊಡ್ಕೊಂಡ್ ಹೋಗ್ರೀ ಇವನ್ನ!” ಗಾಜಿನ ಸಂದಿಯಿಂದ ಕೂಗು ಬಂತು.

“ಇವು ನಮ್ಮೊಂದೇ ಮನೀವು ಸಾರ್. ಇನ್ನೂ ಇಪ್ಪತ್ತೊಂದು ಮನೀವು ಬರ್ತಾ ಅದಾವೆ,” ಅಂದಳು ಮಾನಸ.

ರಸ್ತೆಯ ಕಡೆ ಧೂಳೆದ್ದಿತ್ತು. ಮಾನಸ ಟೇಪಿನ ಸುರುಳಿಗೆ ಮನೆಯ ಪತ್ರ ಸುತ್ತಿ, ಕಾರಿನ ಬಾನೆಟ್ಟಿನ ಮೇಲಿಟ್ಟಳು.

“ನಮ್ಮ ಯಜಮಾನ್ರು ನಿಮ್ಮಿಂದ ತಗೊಂಡಿದ್ದು, ಎರಡೂ ವಾಪಸ್ ತಂದೀನಿ.”