ಕಡೀ ಜೋಡಿ

ಹೊಲದಲ್ಲಿ ಬಿಳಿಜೋಳ ತೆನೆ ಕಟ್ಟಿ, ಹಸಿ ಕಾಳಿನ ಸೀತನಿ ಸುಡುವ ಕಾಲ. ಇಳಿಹೊತ್ತಿನ ಅಸರ್ ನಮಾಜು ಮುಗಿದು, ಕೋಟೆ ಗೋಡೆಯ ನೆರಳು ತಾಲೀಮಿನ ಬಾಗಿಲ ತನಕ ಬಂದಿದ್ದ ಹೊತ್ತು. ಊರಿಗೆ ಆಗಿನ್ನೂ ಬಸವಕಲ್ಯಾಣ ಅಂತ ಹೆಸರು ಬಿದ್ದಿರಲಿಲ್ಲ, ಕಲ್ಯಾಣಿ ಅಂತಲೇ ಅನ್ನುತ್ತಿದ್ದರು. ನಲವತ್ತೊಂಬತ್ತನೇ ಇಸವಿ ಮುಗಿಯುತ್ತ ಬಂದಿತ್ತು.

ತಾಲೀಮು ಅಂದರೆ ಪೈಲವಾನರು ಕಸರತ್ತು ಮಾಡುವ ಮನೆ. ನಡುವೆ ಕೆಂಪು ಮಣ್ಣಿನ ಕಣ, ಗೋಡೆಗೆ ಒರಗಿಸಿಟ್ಟ ಮುದ್ಗರಗಳು. ಒಂದು ಕಾಲಕ್ಕೆ ಆ ಕಣದಲ್ಲಿ ಕಾಲಿಡಲು ಜಾಗ ಸಿಗುತ್ತಿರಲಿಲ್ಲ. ಈಗ ಒಬ್ಬನೇ ಒಬ್ಬ ಕೂತು ಎದ್ದು ಬೈಠಕ್ ಹೊಡೆಯುತ್ತಿದ್ದ. ಅವನು ಅಜೀಮುದ್ದೀನ. ಅಂಚಿಗೆ ಗೋಣಿತಟ್ಟು ಹಾಸಿಕೊಂಡು ಕೂತವನು ಅವನ ಸೋದರಮಾವ, ತಾಲೀಮಿನ ಉಸ್ತಾದ ಲಾಲ್ ಅಹ್ಮದ್. ತಂಗಿ ತೀರಿಕೊಂಡ ಮೇಲೆ ಕೂಸನ್ನು ಮನೆಗೆ ತಂದು, ಇದೇ ಮಣ್ಣಿನಲ್ಲಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದ.

ಸಂತೆಯ ದಿನವಾದ್ದರಿಂದ ಹುಮನಾಬಾದಿನ ಗಾಣಿಗರ ಮಾಣಿಕಪ್ಪ ಬಂದಿದ್ದ. ಕಣದ ಮಣ್ಣಿಗೆ ಕಲಸಲು ಎಣ್ಣೆ ಅವನ ಗಾಣದಿಂದಲೇ ಬರಬೇಕು, ಅದು ಮೊದಲಿನಿಂದ ಬಂದ ರೂಢಿ. ಎಣ್ಣೆ ಇಳಿಸಿದ ಮೇಲೆ ಕೂತು ಪೈಲವಾನರ ಮಾತು ಆಡುವುದೂ ರೂಢಿಯೇ. ವರ್ಷದಲ್ಲಿ ದೊಡ್ಡ ಕುಸ್ತಿ ಮೂರು. ಹುಮನಾಬಾದಿನಲ್ಲಿ ಬೆಳ್ಳಿ ಕಡಗ, ಗುಲಬರ್ಗಾದಲ್ಲಿ ಜರಿ ಫೇಟ, ಹೈದರಾಬಾದಿನಲ್ಲಿ ಗದೆ. ಯಾವುದು ಯಾರಿಗೆ ಅಂತ ಇಬ್ಬರೂ ಜಗಳಾಡುತ್ತ ಮುದುಕರಾಗಿದ್ದರು.

“ಗದೆ ಈ ಸಲಾನೂ ಸಿರಾಜುದ್ದೀನಗಽ ಅಂತೀಯೇನು ಮತ್ತ?” ಮಾಣಿಕಪ್ಪ ಕೆಣಕಿದ.

“ಅವನ ಮೊಣಕಾಲ ಹೋಗ್ಯಾವೊ ಮಾಣಿಕ್ಯಾ. ಬೈಠಕ್ ಹೊಡದ್ರ ಹಳೀ ಬಾಗಲಾ ತೆರದಂಗ ಸಪ್ಪಳಾ ಬರ್ತದ.”

“ಕಾಲ ಹೋದ್ರ ಏನಾತು? ಕುತ್ತಿಗಿ ಅದ ಅಲ್ಲ? ಆ ಕುತ್ತಿಗಿ ಬಗ್ಗಸ್ತೇನಿ ಅಂದವರು ತಾವಽ ಬಗ್ಗಿಕೊಂಡು ಮನೀಗಿ ಹೋಗ್ಯಾರ.”

“ಅರ್ಧಾ ತಾಸ ಆದಮ್ಯಾಲ ಉಸಿರು ಬೇಕಲ್ಲೊ. ಗದೆ ಈ ವರ್ಸ ಲಾತೂರ ಗಣಪತಂದು.”

“ಗಣಪತ! ಅಂವಾ ಉಣ್ಣಾಕ ಕುಂತಾಗ ಪೈಲವಾನ. ಬಾದಾಮಿ ತಿಂದು ತಿಂದು ಬಾದಾಮಿ ಗಿಡದಂಗ ನಿಂತು ಬಿಡ್ತಾನ. ಕಡದ್ರಽ ಬೀಳಬೇಕು.”

ಕಣದಲ್ಲಿ ಅಜೀಮುದ್ದೀನ ನಕ್ಕುಬಿಟ್ಟ. “ನೀ ಎಣಸು, ನಗಬ್ಯಾಡ” ಅಂತ ಉಸ್ತಾದ ಗದರಿದ. ಗದರುವ ದನಿಯಲ್ಲೂ ದಣಿವಿತ್ತು. ಹಿಂದಿನ ಎರಡು ವರ್ಷದ ಹಾವಳಿಯಲ್ಲಿ ಎಲ್ಲಿಯೂ ಕುಸ್ತಿ ನಡೆದಿರಲಿಲ್ಲ. ಮೊದಲು ಮಾಣಿಕಪ್ಪ ಗಾಣ ಬಿಟ್ಟು, ಹೆಂಡತಿ ಗಯಾಬಾಯಿಯನ್ನು ಕರಕೊಂಡು ಸೊಲ್ಲಾಪುರಕ್ಕೆ ಓಡಿದ್ದ. ಆಮೇಲೆ ಹೈದರಾಬಾದ ಸಂಸ್ಥಾನ ಬಿದ್ದು ಅವನು ತಿರುಗಿ ಬಂದ ಹೊತ್ತಿಗೆ ಲಾಲ್ ಅಹ್ಮದನ ಮನೆಯವರು ಬಾಗಿಲು ಹಾಕಿಕೊಂಡು ಉಸಿರು ಹಿಡಿದು ಕೂತಿದ್ದರು. ಯಾರು ಏನು ಕಳಕೊಂಡರು ಅನ್ನುವ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ಎತ್ತಿದರೆ ಮುಗಿಯುವ ಮಾತಲ್ಲ ಅದು. ಗಣಪತನ ಬಾದಾಮಿ ಆದರೆ ಆಡಿಕೊಂಡು ಎದ್ದು ಹೋಗಬಹುದು.

“ಹುಮನಾಬಾದಿನ ಕಡಗ?” ಮಾಣಿಕಪ್ಪ ದನಿ ತಗ್ಗಿಸಿ ಕೇಳಿದ. “ಈ ವರ್ಸ ಕುಸ್ತಿ ಹಿಡಸ್ತಾರಂತ. ಕಮೀಟಿ ಆಗ್ಯಾದ. ನನಗಂತೂ ನಿನ್ನ ಅಳಿಯಾನಽ ಹೊಡೀತಾನ ಅನಸ್ತದ.”

“ಇವನಽ? ಇವನ ತುಟಿ ಮ್ಯಾಲಿನ ಹಾಲು ಇನ್ನ ಆರಿಲ್ಲ. ದುಬಲಗುಂಡಿ ಚನ್ನಬಸಪ್ಪ ಇವನ್ನ ಹಗೇದ ಬಾಯಾಗ ಜೋಳ ಸುರುವಿದಂಗ ಸುರುವತಾನ.”

“ಚನ್ನಬಸಪ್ಪ ಏನ್ ಸುರುವತಾನ! ನಮ್ಮ ಕಡೀ ಹುಡುಗ, ನನಗ ಗೊತ್ತಿಲ್ಲೇನು? ಎತ್ತಿನಂಗ ಮುಂದಕ್ಕ ನುಗ್ಗೂದೊಂದು ಬಲ್ಲ.”

ಹೊರಗಿನವರು ಕೇಳಿದರೆ ಇಬ್ಬರಿಗೂ ತಮ್ಮ ಊರಿನ ಹುಡುಗರ ಮೇಲೆ ಸಿಟ್ಟಿದೆ ಅಂದುಕೊಳ್ಳಬೇಕು. ಹಾಗಲ್ಲ ಅದು. ತಮ್ಮ ಪೈಲವಾನ ಗೆಲ್ಲುತ್ತಾನೆ ಅಂತ ಬಾಯಿಬಿಟ್ಟು ಅನ್ನಬಾರದು, ನಜರು ಹತ್ತುತ್ತದೆ, ದೃಷ್ಟಿಯಾಗುತ್ತದೆ. ಅದರಲ್ಲೂ ಉಸ್ತಾದನ ಬಾಯಿಯ ನಜರು ಇಳಿಯುವುದೇ ಇಲ್ಲ. ಲಾಲ್ ಅಹ್ಮದನ ಉಸ್ತಾದ ಒಂದೇ ಒಂದು ಸಲ ಶಿಷ್ಯನನ್ನು ಹೊಗಳಿದ್ದ, ಆ ವಾರವೇ ಶಿಷ್ಯನ ತೋಳು ಮುರಿಯಿತು. ಅಂದಿನಿಂದ ಈ ಕಣದಲ್ಲಿ ಹೊಗಳಿಕೆಯೆಲ್ಲ ಎದುರಾಳಿಗೇ. ಕುಸ್ತಿ ಬಲ್ಲವರು ಅದನ್ನು ಬೋರಲು ಮಾಡಿ ಕೇಳುತ್ತಿದ್ದರು. ಉಸ್ತಾದ ಎಷ್ಟು ಜೋರಾಗಿ ಹೀಗಳೆಯುತ್ತಾನೋ ಹುಡುಗ ಅಷ್ಟು ತಯಾರಾಗಿದ್ದಾನೆ ಅಂತ ಲೆಕ್ಕ.

ಆ ಲೆಕ್ಕದಲ್ಲಿ ಅಜೀಮುದ್ದೀನ ಆ ಚಳಿಗಾಲ ಪೂರಾ ತಯಾರಾಗಿದ್ದ.

ಅವನಿಗೆ ಬರೀ ಕಡಗದ ಆಸೆಯಲ್ಲ. ಹೆಂಡತಿ ಅಸ್ಗರಿಯ ಅಣ್ಣ ಹೈದರಾಬಾದಿನಲ್ಲಿದ್ದ. ಬಂದುಬಿಡಿ, ಗೋದಾಮಿನಲ್ಲಿ ಕೆಲಸ ಅದ ಅಂತ ಹೇಳಿ ಕಳಿಸುತ್ತಲೇ ಇದ್ದ. ಅಸ್ಗರಿಗೆ ಕಲ್ಯಾಣಿಯಲ್ಲಿ ನಿದ್ದೆ ಹತ್ತುತ್ತಿರಲಿಲ್ಲ, ಬಾಗಿಲು ಸಪ್ಪಳವಾದರೆ ಎದ್ದು ಕೂಡುತ್ತಿದ್ದಳು. ಅಜೀಮುದ್ದೀನ ಅವಳಿಗೆ ಮಾತು ಕೊಟ್ಟಿದ್ದ. ಹುಮನಾಬಾದಿನ ಕಡೀ ಜೋಡಿಗೆ, ಅಂದರೆ ಕಡಗದ ಕುಸ್ತಿಗೆ, ನನ್ನನ್ನು ಕರೆದರೆ ಈ ಸೀಮೆ ನಮ್ಮನ್ನು ಬಿಟ್ಟುಕೊಟ್ಟಿಲ್ಲ ಅಂತ ತಿಳಿ, ಇಲ್ಲೇ ಇರೋಣ. ಕರೆಯದಿದ್ದರೆ ನೀನು ಅಂದಂತೆ. ಲಾಲ್ ಅಹ್ಮದನ ಮುಂದೆಯೇ ಆಡಿದ ಮಾತು. ಅಸ್ಗರಿ ಸೆರಗು ಸರಿಪಡಿಸಿಕೊಂಡು “ಆತು” ಅಂದಿದ್ದಳು.

ಸಂತೆಯಾಗಿ ಸ್ವಲ್ಪ ದಿನಕ್ಕೆ ಹುಮನಾಬಾದಿನ ಕುಸ್ತಿ ಕಮಿಟಿಯಿಂದ ವೀರಶೆಟ್ಟಿ ಬಂದ. ಅರಿವೆ ಅಂಗಡಿಯವರ ಮಗ, ಸೊಲ್ಲಾಪುರದಲ್ಲಿ ಅತ್ತೆಯ ಮನೆಯಲ್ಲಿ ಬೆಳೆದವನು, ಊರಿಗೆ ಬಂದು ವರ್ಷವಾಗಿರಲಿಲ್ಲ. ತಾಲೀಮಿನ ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟ. ಅದನ್ನು ಕಂಡು ಲಾಲ್ ಅಹ್ಮದನ ಎದೆ ಹಗುರಾಯಿತು.

“ಉಸ್ತಾದ, ಹಳೇ ಪಂಚರು ಯಾರೂ ಉಳಿದಿಲ್ರಿ. ನಾವು ಹೊಸಬರು. ಕಲ್ಯಾಣಿಯವರು ಬರದಿದ್ರ ಕುಸ್ತಿಗಿ ಕಳಾ ಇಲ್ಲ ಅಂತ ಎಲ್ಲಾರೂ ಅಂತಾರ. ನಿಮ್ಮ ಅಜೀಮುದ್ದೀನನ್ನ ಚನ್ನಬಸಪ್ಪನ ಮ್ಯಾಲ ಕಡೀ ಜೋಡಿ ಹಾಕಬೇಕಂತ ಅದೇವಿ. ತಯಾರದಾನೇನ್ರಿ?”

ತಾಲೀಮಿಗೆ ಹತ್ತಿದ ಮನೆಯ ಪಡಸಾಲೆಯಲ್ಲಿ, ಬಾಗಿಲ ಹಿಂದೆ ಅಸ್ಗರಿಯ ಬಳೆ ಸಪ್ಪಳವಾಯಿತು. ಲಾಲ್ ಅಹ್ಮದ ಗಂಟಲು ಸರಿಮಾಡಿಕೊಂಡ. ಅವನ ಬಾಯಿಂದ ಬಂದದ್ದು ಜನ್ಮವೆಲ್ಲ ಬಂದ ಮಾತೇ.

“ಅಂವಾ ಎಲ್ಲಿ ತಯಾರ್ರಿ, ಇನ್ನ ಕೂಸು. ಚನ್ನಬಸಪ್ಪನ ಮುಂದ ನಿಂತ್ರ ಧೂಳಾಗಿ ಹೋಗ್ತಾನ. ಕೈಕಾಲು ಎಣಿಸಿ ತರೂದಾಗ್ತದ.”

ಹಳೇ ಪಂಚರಾಗಿದ್ದರೆ ಇಲ್ಲಿಗೆ ಹೋ ಅಂತ ನಗಬೇಕು, ‘ಹಂಗಾದ್ರ ಜೋಡಿ ಪಕ್ಕಾ’ ಅಂತ ತೊಡೆ ತಟ್ಟಬೇಕು. ಲಾಲ್ ಅಹ್ಮದ ಆ ನಗೆಗೆ ಕಾದ. ವೀರಶೆಟ್ಟಿ ನಗಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಕಣದ ಕಡೆ ನೋಡಿದ, ಎದ್ದು ಕೈಮುಗಿದ.

“ನೀವು ಹಿರೇರು, ಖರೇ ಹೇಳಿದ್ರಿ. ಛಲೋ ಆತು” ಅಂದ.

ಅವನು ಚಪ್ಪಲಿ ಮೆಟ್ಟಿಕೊಂಡು ಹೋಗುವುದನ್ನು ಲಾಲ್ ಅಹ್ಮದ ನೋಡಿದ. ಎಲ್ಲೋ ಏನೋ ತಪ್ಪಿದಂತೆ ಅನ್ನಿಸಿತು. ಕೂಗಿ ಕರೆಯಬೇಕು ಅಂತಲೂ ಬಂತು. ಕರೆದು ಏನನ್ನಬೇಕು? ಗೆಲ್ಲತಾನ ಅನ್ನಬೇಕೆ? ನಾಲಿಗೆ ಏಳಲಿಲ್ಲ. ಕುಸ್ತಿ ಹಿಡಿಸುವವನು, ಇಷ್ಟು ತಿಳಿಯದೆ ಇರುತ್ತಾನೆಯೇ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮುಂದಿನ ಸಂತೆಗೆ ಮಾಣಿಕಪ್ಪ ಬಂದವನು ಎಣ್ಣೆ ಇಳಿಸಲಿಲ್ಲ. ಬಾಗಿಲಲ್ಲೇ ನಿಂತ.

“ಏನಂದಿ ಲಾಲೂಭಾಯಿ ಅವಗ? ಕಡೀ ಜೋಡಿ ಚನ್ನಬಸಪ್ಪಂದು, ಲಾತೂರ ಗಣಪತಂದು ಅಂತ ಡಂಗುರಾ ಹೊಡದಾರ!”

“ನಾ ಏನನ್ನಲಿ. ಅನ್ನೂದಽ ಅಂದೆ.”

“ಅನ್ನೂದ ಅಂದ್ರ?”

“ಇಂವಾ ಕೂಸು ಅದಾನ, ಧೂಳಾಗ್ತಾನ ಅಂದೆ.”

ಮಾಣಿಕಪ್ಪ ಹಣೆ ಹಿಡಕೊಂಡು ಹೊಸ್ತಿಲ ಮೇಲೆ ಕುಸಿದ. “ಅಯ್ಯ ನಿನ್ನ! ಅಂವಾ ಸೊಲ್ಲಾಪುರದಾಗ ಅರಿವಿ ಅಳದಂವಾ. ಅವಗೇನು ತಿಳೀತದ ನಮ್ಮ ಮಾತು? ಇದ್ದದ್ದು ಇದ್ದಂಗ ಕೇಳಿಕೊಂಡು ಹೋಗ್ಯಾನ.”

“ನೀನರ ಹೇಳಬೇಕಿತ್ತಿಲ್ಲೊ, ಅದಽ ಊರಾಗ ಇದ್ದಿ.”

“ನಾ ಏನಂತ ಹೇಳ್ಲಿ? ನನ್ನ ಕೇಳಿದಾಗ, ಚನ್ನಬಸಪ್ಪ ಕೆಲಸಕ್ಕ ಬರಾಂಗಿಲ್ಲ ಅಂದೆ. ಮಂದಿ ನಕ್ಕರು. ಗಾಣಿಗೇರ ಮುದುಕನ ಮಾತು ಯಾರ್ ಕೇಳ್ತಾರ.”

ಕಣದಲ್ಲಿ ಅಜೀಮುದ್ದೀನ ನಿಂತಲ್ಲೇ ನಿಂತಿದ್ದ, ಎಲ್ಲಾ ಕೇಳಿದ್ದ. ಮೈಗೆ ಹತ್ತಿದ ಮಣ್ಣು ಒರೆಸಿಕೊಂಡು ಹಿತ್ತಲ ಬಾವಿಯ ಕಡೆ ಹೋದ. ಬಕೀಟು ಇಳಿಯುವ ಸಪ್ಪಳ ಕೇಳಿಸಿತು.

ಅವತ್ತೇ ಮಾಣಿಕಪ್ಪನ ಬಂಡಿಯಲ್ಲಿ ಮುದುಕರಿಬ್ಬರೂ ಹುಮನಾಬಾದಿಗೆ ಹೊರಟರು. ಇಳಿಸದ ಎಣ್ಣೆ ಡಬ್ಬಿಗಳು ದಾರಿಯುದ್ದಕ್ಕೂ ಗಡಗಡ ಅಂದವು. ಮಾಣಿಕಪ್ಪ ಎರಡು ಸಲ ಗಣಪತನ ಮಾತು ತೆಗೆದ. ಲಾಲ್ ಅಹ್ಮದ ಮುಂದಿನ ದಾರಿಯನ್ನೇ ನೋಡಿದ. ಎತ್ತುಗಳಿಗೂ ಸಾಕಾಗಿತ್ತು. ಹಳ್ಳ ದಾಟಿ ಅಲ್ಲೇ ತಂಗಿ, ಬೆಳಿಗ್ಗೆ ಊರು ಸೇರಿದರು.

ವೀರಶೆಟ್ಟಿ ಅಂಗಡಿಯ ಗಾದಿ ಬಿಟ್ಟು ಎದ್ದು ಬಂದ, ಇಬ್ಬರಿಗೂ ಚಹಾ ತರಿಸಿದ. ಮಾತು ಕೇಳಿ ಅವನ ಮುಖ ಬಿಳಿಚಿಕೊಂಡಿತು.

“ನೀವಽ ಅಂದ್ರಲ್ರಿ ಉಸ್ತಾದ, ಕೈಕಾಲು ಎಣಿಸಿ ತರೂದಾಗ್ತದ ಅಂತ? ಈ ಕಾಲದಾಗ ನಿಮ್ಮ ಹುಡುಗಗ ನಮ್ಮ ಕಣದಾಗ ಏನರ ಆದ್ರ ಮಂದಿ ಏನಂದಾರು? ಅವನ್ನ ಉಳಸಬೇಕಂತಽ ನಾ ಲಾತೂರಿಗಿ ಹೋದೆ.”

“ಅದು ನಾವು ಅನ್ನೂ ರೀತಿರಿ” ಅಂದ ಲಾಲ್ ಅಹ್ಮದ.

“ನನಗ ಹ್ಯಾಂಗ ಗೊತ್ತಾಗಬೇಕ್ರಿ? ಗಣಪತ ವೀಳ್ಯಾ ತಗೊಂಡಾನ. ಕೊಟ್ಟ ವೀಳ್ಯಾ ತಿರುಗಿ ಕೇಳಾಕ ಬರ್ತದೇನು?”

ಬರುವುದಿಲ್ಲ. ಅದು ಲಾಲ್ ಅಹ್ಮದನಿಗೂ ಗೊತ್ತಿತ್ತು. ಜೋಡಿ ಪಕ್ಕಾ ಅಂತ ಒಂದು ಸಲ ಕೈಗೆ ಕೊಟ್ಟ ವೀಳ್ಯ ಕಿತ್ತುಕೊಂಡರೆ ಮತ್ತೆ ಆ ಕಣಕ್ಕೆ ಯಾವ ಪೈಲವಾನನೂ ಕಾಲಿಡುವುದಿಲ್ಲ. ವೀರಶೆಟ್ಟಿ ಕಾಯಿ ಕುಸ್ತಿಗಳ ನಡುವೆ ಎಲ್ಲಿಯಾದರೂ ಒಂದು ಜೋಡಿ ಹಾಕುತ್ತೇನೆ ಅಂದ. ಕಾಯಿ ಕುಸ್ತಿ ಅಂದರೆ ಗೆದ್ದವರಿಗೆ ತೆಂಗಿನಕಾಯಿ ಕೊಡುವಂಥದು, ಈಗ ಕಲಿಯುತ್ತಿರುವವರು ಆಡುವಂಥದು. ಲಾಲ್ ಅಹ್ಮದ ತಲೆ ಅಲ್ಲಾಡಿಸಿದ.

“ಒಂದು ಕೇಳತೇನಿ, ಖರೇ ಹೇಳ್ರಿ” ಅಂದ ವೀರಶೆಟ್ಟಿ. “ಹಾಕಿದ್ರ, ಗೆಲ್ತಿದ್ನೇನು?”

ಮಾಣಿಕಪ್ಪ ಚಹಾದ ಬಸಿಯಿಂದ ಕಣ್ಣೆತ್ತಲಿಲ್ಲ. ಲಾಲ್ ಅಹ್ಮದ ಅಂಗಡಿಯ ಕಂಬ ನೋಡಿದ, ಮಡಚಿಟ್ಟ ಅರಿವೆಯ ಥಾನು ನೋಡಿದ.

“ಗೆಲ್ತಿದ್ದ” ಅಂದ. “ಅವನಂಥ ಪೈಲವಾನ ನಮ್ಮ ತಾಲೀಮಿನಾಗ ಹುಟ್ಟಿಲ್ಲ. ಕಡಗ ಅಷ್ಟ ಅಲ್ಲ, ಫೇಟಾನೂ ತರ್ತಿದ್ದ. ಗದೇನೂ.”

ಹೇಳಿ ಮುಗಿಸಿ ಚಹಾದ ಬಸಿ ದೂರ ಸರಿಸಿದ. ವೀರಶೆಟ್ಟಿ “ಆವತ್ತ ಇಷ್ಟು ಅಂದಿದ್ರ...” ಅಂತ ಶುರುಮಾಡಿದವನು ಮುದುಕನ ಮುಖ ಕಂಡು ನಿಲ್ಲಿಸಿದ.

ಕುಸ್ತಿಯ ದಿನ ಅಜೀಮುದ್ದೀನ ಬರುವುದಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಕಂಬಳಿ ಹೊದ್ದು ಮಾವನ ಪಕ್ಕ ಮಂದಿಯಲ್ಲಿ ಕೂತ. ಕಡೀ ಜೋಡಿ ಬಹಳ ಹೊತ್ತು ನಡೆಯಿತು. ಚನ್ನಬಸಪ್ಪ ನುಗ್ಗುತ್ತಿದ್ದ, ಗಣಪತ ಗಿಡದಂತೆ ನಿಲ್ಲುತ್ತಿದ್ದ. ಮಂದಿ ಕೂಗಿ ಕೂಗಿ ಸಾಕಾಗಿ ಶೇಂಗಾ ಸುಲಿಯಲು ಹತ್ತಿದರು. ಹೊತ್ತು ಮುಳುಗುವಾಗ ಪಂಚರು ನಡುವೆ ಬಂದು ಬರಾಬರಿ ಅಂದರು. ಕಡಗ ಯಾರ ಕೈಗೂ ಏರಲಿಲ್ಲ, ಹಾಗೆಯೇ ಕೆಂಪು ಅರಿವೆಯಲ್ಲಿ ಸುತ್ತಿಟ್ಟರು.

“ಹೇಳಿದ್ನಿಲ್ಲ, ಬಾದಾಮಿ ಗಿಡ” ಅಂದ ಮಾಣಿಕಪ್ಪ. ಯಾರೂ ನಗಲಿಲ್ಲ.

ಮಂದಿ ಚದುರುವಾಗ ಚನ್ನಬಸಪ್ಪ ಮೈಮಣ್ಣು ಹಾಗೆಯೇ ಇಟ್ಟುಕೊಂಡು ಹುಡುಕಿಕೊಂಡು ಬಂದ, ಲಾಲ್ ಅಹ್ಮದನ ಕಾಲು ಮುಟ್ಟಿದ.

“ಉಸ್ತಾದ, ನಾ ಇವನ್ನ ಧೂಳ ಮಾಡ್ತೇನಿ ಅಂದ್ರಂತ. ಕೇಳಿ ನನಗ ಅನ್ನಾ ಸೇರಲಿಲ್ಲ ನೋಡ್ರಿ. ಉಸ್ತಾದ ಇಷ್ಟು ಬೈದಾರ ಅಂದಮ್ಯಾಲ ಇಂವಾ ಎಷ್ಟು ತಯಾರ ಇರಬೇಕು ಅಂತ ಹೆದರಿದ್ನಿ.”

“ನಿನಗ ತಿಳೀತಲ್ಲ” ಅಂದ ಲಾಲ್ ಅಹ್ಮದ. “ಕಮಿಟಿಯವರಿಗಿ ಹೇಳಬಾರದಿತ್ತೇನೊ?”

“ನನ್ನ ಯಾರೂ ಕೇಳಲಿಲ್ರಿ” ಅಂದ ಚನ್ನಬಸಪ್ಪ. ಅಜೀಮುದ್ದೀನನ ಭುಜ ಹಿಡಿದು ಅಲ್ಲಾಡಿಸಿದ. “ಬರೂ ವರ್ಸ ಬಾರಲೇ. ಖರೇ, ನಿನ್ನ ಕೂಡ ಬಿದ್ರ ಅದಕ್ಕೊಂದು ಮಾನ ಅದ.”

ಅಜೀಮುದ್ದೀನ ಅವನ ತೋಳಿನ ಮಣ್ಣು ಚಿಟಿಕೆಯಷ್ಟು ತಗೊಂಡು ತನ್ನ ಹಣೆಗೆ ಹಚ್ಚಿಕೊಂಡ.

ಕಲ್ಯಾಣಿಗೆ ಬಂದ ಮೇಲೆ ಅಸ್ಗರಿ ಟ್ರಂಕು ತೆಗೆದು ಬಿಸಿಲಿಗೆ ಇಟ್ಟಳು. ಅಜೀಮುದ್ದೀನ ಕಣಕ್ಕಿಳಿದು ಗುದ್ದಲಿಯಿಂದ ಮಣ್ಣು ಅಗೆದು, ಮಾಣಿಕಪ್ಪನ ಎಣ್ಣೆ ಸುರಿದು, ಕಾಲಿನಿಂದ ತುಳಿದು ಹದ ಮಾಡಿದ. ಲಾಲ್ ಅಹ್ಮದ ಗೋಣಿತಟ್ಟಿನ ಮೇಲೆ ಕೂತು ನೋಡುತ್ತಿದ್ದ.

“ಮಾಮೂ, ವೀರಶೆಟ್ಟಿ ಮುಂದ ಅಂದ್ರಂತಲ್ಲ. ಮಾಣಿಕಪ್ಪ ಕಾಕಾ ಹೇಳಿದ.”

“ಅಂದೆ.”

“ಗದೇನೂ ಅಂತ ಅಂದ್ರಂತ.”

“ಹೂಂ.”

“ನಜರ ಹತ್ತಿತಲ್ಲ ಮತ್ತ” ಅಂದು ಅಜೀಮುದ್ದೀನ ನಕ್ಕ. ಆಮೇಲೆ ನಗೆ ನಿಲ್ಲಿಸಿ ಮಣ್ಣು ತುಳಿಯುತ್ತ ಅಂದ, “ಇನ್ನೊಮ್ಮೆ ಅನ್ರಿ. ನನ್ನ ಮುಂದ ಅಂದಿಲ್ಲ ನೀವು.”

ಲಾಲ್ ಅಹ್ಮದ ಬಾಯಿ ತೆರೆದ. ದಾರಿ ದೂರದ್ದು, ಹುಡುಗ ಪರವೂರಿಗೆ ಹೊರಟವನು. ಅವನ ಕೈಕಾಲು ಅಲ್ಲಿಯೂ ಬೇಕು.

“ಅಲ್ಲಿ ನಿನ್ನ ಕೈಲಿ ಮೂಟೆ ಎತ್ತಾಕೂ ಆಗಾಂಗಿಲ್ಲ, ನೋಡು” ಅಂದ. “ಕೂಸು ನೀ.”

ಅಜೀಮುದ್ದೀನ ಬಹಳ ಹೊತ್ತು ಮಾವನ ಮುಖ ನೋಡಿದ. ತಲೆ ಬಾಗಿಸಿ, ಮತ್ತೆ ಮಣ್ಣು ತುಳಿದ.

ಮಾಣಿಕಪ್ಪನ ಬಂಡಿಯಲ್ಲೇ ಹುಮನಾಬಾದಿಗೆ ಹೋಗಿ, ಅಲ್ಲಿಂದ ಅಜೀಮುದ್ದೀನ, ಅಸ್ಗರಿ ಇಬ್ಬರೂ ಹೈದರಾಬಾದಿನ ಬಸ್ಸು ಹತ್ತಿದರು. ಅದು ಶುಕ್ರವಾರ, ಜುಮ್ಮಾ ನಮಾಜು ಮುಗಿದ ಮೇಲೆ.