ಸೊನ್ನೆಗಿಂತ ಕೆಳಗಿಳಿದ ಕಬ್ಬು

ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಕರಜಗಿಯಲ್ಲಿ ಗಾಡಿ ತೂಗುವ ಕಾಟಾದ ಮೇಲೆ ನಿಂತಿದ್ದ ಹುಸೇನಪೀರನ ಟ್ರ್ಯಾಕ್ಟರಿಗೆ ತೂಕವೇ ಇರಲಿಲ್ಲ. ತೂಕ ತೋರಿಸುವ ಹೊಸ ಡಬ್ಬಿಯ ಕೆಂಪು ಅಂಕಿಗಳ ಮುಂದೆ ಮೈನಸ್ ಗುರುತೊಂದು ಎದೆ ಸೆಟೆಸಿ ನಿಂತಿತ್ತು.

"ಏನವ್ವಾ ಭಾಗ್ಯಜ್ಯೋತಿ, ನನ್ನ ಕಬ್ಬು ಹಾರಿ ಹೋಗಾಕತ್ತದೇನು?" ಎಂದ ಹುಸೇನಪೀರ. ಸಾಲಿನಲ್ಲಿದ್ದ ಡ್ರೈವರುಗಳೆಲ್ಲ ಬಿದ್ದು ಬಿದ್ದು ನಕ್ಕರು.

ಕಾಟಾದ ಮಾಲೀಕ ದೌಲತರಾಯರು ನಗಲಿಲ್ಲ. "ಆಳಂದದಾಗ ತೊಗರಿ ಟೆಂಪೋ ಬರೋಬರಿ ತೂಗ್ಯಾದ ಅಂದಿದ್ದಿ. ಇವತ್ತ ಸರಿ ಆಗ್ಲಿಲ್ಲಂದ್ರ ಡಬ್ಬಿ ವಾಪಸ್ ಒಯ್ಯಿ ತಂಗಿ. ಸೊಲ್ಲಾಪುರದಿಂದ ಬ್ಯಾರೇದು ತರಸ್ತೇನಿ."

ಡಿಪ್ಲೊಮಾ ಮುಗಿಸಿ ಆಳಂದದ ಮನೆಯಲ್ಲಿ ತಾನೇ ಬೆಸುಗೆ ಹಾಕಿ, ತಾನೇ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಮಾಡಿದ ಮೊದಲ ಯಂತ್ರ ಅದು. ಭಾಗ್ಯಜ್ಯೋತಿ ಲ್ಯಾಪ್‌ಟಾಪ್ ತೆರೆದಳು. ಪಕ್ಕದಲ್ಲಿ ಇನ್ನೂ ಬಿಚ್ಚದೆ ಬಿಟ್ಟಿದ್ದ ಹಳೆಯ ಯಂತ್ರ ತೋರಿಸುತ್ತಿದ್ದ ತೂಕವನ್ನೇ ಅದರಲ್ಲಿದ್ದ ಪ್ರೋಗ್ರಾಮಿಗೆ ಕೊಟ್ಟು ನೋಡಿದಳು. ಅಲ್ಲಿ 35,840 ಕಿಲೋ ಎಂದು ಲಕ್ಷಣವಾಗಿ ಬಂತು. ಅದೇ ಪ್ರೋಗ್ರಾಂ ಡಬ್ಬಿಯೊಳಗೆ ಹೋದರೆ ಮೈನಸ್! ತೊಗರಿ ಟೆಂಪೋ ಹತ್ತು ಟನ್ನು ದಾಟಿದ್ದೇ ಇಲ್ಲ, ಆದರೆ ಈ ಕಬ್ಬು... ತಟ್ಟನೆ ಹಣೆ ಚಚ್ಚಿಕೊಂಡು ನಕ್ಕೇಬಿಟ್ಟಳು.

"ಸಿಕ್ತರಿ ಕಾಕಾ! ಅಂಕಿ ಇಡೋ ಚೀಲಕ್ಕ ನಾ ಬರೀ 'ಇಂಟ್' ಅಂತ ಬರ್ದೇನಿ. ಲ್ಯಾಪ್‌ಟಾಪಿನ್ಯಾಗ ಅದು ದೊಡ್ಡ ಚೀಲ, ಈ ಸಣ್ಣ ಚಿಪ್ಪಿನ್ಯಾಗ ಸಣ್ಣ ಚೀಲ. 32,767 ದಾಟಿತಂದ್ರ ತಿರುಗಿ ಮೈನಸ್‌ಗೆ ಬೀಳ್ತದ. ಚೀಲದ ಅಳತೀನ ಹೆಸರಿನ್ಯಾಗೇ ಬರೀಬೇಕಿತ್ರಿ, 'ಇಂಟ್ ಥರ್ಟಿಟೂ' ಅಂತ. ಆಗ ಯಾವ ಚಿಪ್ಪಿಗೆ ಹಾಕಿದ್ರೂ ಅಷ್ಟೇ ದೊಡ್ಡದಿರ್ತದ!"

ದೌಲತರಾಯರಿಗೆ ಅರ್ಧ ತಿಳಿಯಿತೋ ಕಾಲು ತಿಳಿಯಿತೋ, ಸುಮ್ಮನೆ ತಲೆಯಾಡಿಸಿದರು. ಆಕೆಯ ಬೆರಳುಗಳಿಗೆ ಪುರಸೊತ್ತಿರಲಿಲ್ಲ. ತೂಕ ಹಿಡಿಯುವ ಚೀಲಗಳ ಹೆಸರನ್ನೆಲ್ಲ ತಿದ್ದಿ, ಡಬ್ಬಿಗೆ ವೈರು ಚುಚ್ಚಿ, ಪ್ರೋಗ್ರಾಂ ಇಳಿಸಿದಳು. ಅಂಕಿಗಳು ಆರಿ ಹೋದವು. ಮತ್ತೆ ಹೊತ್ತಿಕೊಂಡವು: 35,840.

ಸಾಲಿನ ತುದಿಯವರೆಗೆ ಹಾರ್ನುಗಳು ಬಡಿದುಕೊಂಡವು.

"ಇದಕ್ಕಿಂತ ಹೆಚ್ಚಿಗಿ ಹೇರ್ಕೊಂಡು ಬಂದ್ರ?" ದೌಲತರಾಯರ ಅನುಮಾನ ಇನ್ನೂ ಹೋಗಿರಲಿಲ್ಲ.

"ಅಫಜಲಪುರ ತಾಲೂಕಿನ ಕಬ್ಬೆಲ್ಲಾ ಒಂದೇ ಸಲ ತರ್ರಿ, ಹಿಡೀತದ!"

ಮಾತು ಮುಗಿಯುವ ಮೊದಲೇ ಡ್ರೈವರುಗಳು ಒಬ್ಬೊಬ್ಬರಾಗಿ ಕಾಟಾದ ಮೇಲೆ ಜಿಗಿದರು. ಒಬ್ಬೊಬ್ಬ ಹತ್ತಿದಾಗಲೂ ಅಂಕಿ ಏರಿತು, ಪ್ರತಿ ಸಲವೂ ಕೇಕೆ ಎದ್ದಿತು. ಕೊನೆಗೆ ದೌಲತರಾಯರೇ ಧೋತರದ ಚುಂಗು ಹಿಡಿದುಕೊಂಡು ಹತ್ತಿದರು.

"ಹಳೇ ಯಂತ್ರ ಬಿಚ್ಚಿ ಇಳಸ್ರೋ," ಎಂದು ಕೂಗಿ ಭಾಗ್ಯಜ್ಯೋತಿಯತ್ತ ತಿರುಗಿದರು. "ಬಾರವ್ವಾ, ನೀನೂ ಹತ್ತು."

ಆಕೆ ಚಪ್ಪಲಿ ಕಳಚಿಟ್ಟು ಕಾಟಾದ ಮೇಲೆ ಕಾಲಿಟ್ಟಳು. ಅಂಕಿ ಐವತ್ತು ಕಿಲೋ ಏರಿ ನಿಂತಿತು.