ಕಡೆಯ ಬೊಂಬು

ಮುಂದಿನ ಬೆಂಚಿನ ಋತುಜಾಳ ಪೆನ್ಸಿಲ್ ಕರ್ ಕರ್ ಎನ್ನುತ್ತಿದೆ, ಇಲಿ ಜೋಳದ ಚೀಲ ಕೆರೆದ ಹಾಗೆ, ಅವಳಿಗೆ ಎಲ್ಲ ಬರುತ್ತದೆ, ಬರಲಿ, ಭಾಗ್ಯಾಗೂ ಇದೊಂದು ಬರುತ್ತದೆ, ಮೂರನೆಯ ಪ್ರಶ್ನೆ, ಎರಡು ಮೀಟರ್ ತೊಲೆ, ಒಂದು ತುದಿ ಗೋಡೆಯೊಳಗೆ ಹುಗಿದದ್ದು, ಇನ್ನೊಂದು ಗಾಳಿಯಲ್ಲಿ, ಗಾಳಿಯ ತುದಿಯ ಮೇಲೆ ಹತ್ತು ಕಿಲೋನ್ಯೂಟನ್ ಭಾರ, ಬೆಂಡಿಂಗ್ ಮೊಮೆಂಟಿನ ಚಿತ್ರ ಬರೆಯಿರಿ, ತೊಲೆಯನ್ನು ಬಗ್ಗಿಸುವ ಜೋರು ಎಲ್ಲೆಲ್ಲಿ ಎಷ್ಟೆಷ್ಟು ಎಂಬ ಚಿತ್ರ — ಬರೆದಳು, ತುದಿಗೆ ಸೊನ್ನೆ, ಗೋಡೆಯ ಹತ್ತಿರ ಇಪ್ಪತ್ತು, ನಡುವೆ ಒಂದು ಓರೆಗೆರೆ, ತ್ರಿಕೋನವಾಯಿತು, ಇಪ್ಪತ್ತರ ಹಿಂದೆ ಮೈನಸ್, ಬಾಯಿಪಾಠ, ಯಾಕೆ ಮೈನಸ್ ಎಂದು ಯಾವತ್ತೂ ತನ್ನನ್ನು ಕೇಳಿಕೊಂಡವಳಲ್ಲ, ಆದರೆ ಪ್ರಶ್ನೆಗೆ ಎರಡು ಅಂಕದ ಬಾಲವೊಂದಿದೆ, ಇಂಥ ತೊಲೆಯಲ್ಲಿ ಕಬ್ಬಿಣದ ಸರಳು ಯಾವ ಬದಿಗಿರಬೇಕು, ಕಾರಣ ಕೊಡಿ. ಕೆಳಗೆ ಎಂದು ಬರೆದಳು. ಕಾರಣಕ್ಕೆ ಬಂದು ಪೆನ್ನು ನಿಂತಿತು. ರಮಾಕಾಂತ ಸರ್ ಬೋರ್ಡಿನ ಮೇಲೆ ಮುಖ ಬರೆದು ಕಲಿಸಿದವರು, ನೋಡ್ರಿ, ಎರಡೂ ಕಡೆ ಗ್ವಾಡಿ ಇದ್ದ ತೊಲಿ ನಡು ಬಗ್ಗಿ ನಗತೈತಿ, ನಕ್ಕರ ಪ್ಲಸ್, ನಕ್ಕಾಗ ಹೊಟ್ಟಿ ಜಗ್ಗತೈತಿ, ಜಗ್ಗಿದಲ್ಲಿ ಕಾಂಕ್ರೀಟ್ ಬಿರಿತೈತಿ, ಅದಕ್ಕ ಅಲ್ಲಿ ಸರಳು, ಕೆಳಗ — ಅದು ಒಂದು ವಾರ. ಮುಂದಿನ ವಾರ ಅಳುವ ಮುಖ, ಒಂದೇ ಕಡೆ ಗ್ವಾಡಿ ಹಿಡಕೊಂಡಿದ್ದು ತಲಿ ತಗ್ಗಸತೈತಿ, ಅಳತೈತಿ, ಅತ್ತರ ಮೈನಸ್, ಅತ್ತಾಗ ಬೆನ್ನು ಜಗ್ಗತೈತಿ, ಇಡೀ ಕ್ಲಾಸು ಗೊಳ್ಳೆಂದಿತ್ತು, ಅವಳೂ ನಕ್ಕು ನೋಟುಬುಕ್ಕಿನಲ್ಲಿ ಬರೀ ಸೂತ್ರ ಬರೆದುಕೊಂಡಿದ್ದಳು, ಬೆನ್ನು, ಬೆನ್ನು ಅಂದರೆ ಮೇಲೆ. ಮೇಲೆ. ಸರಳು ಮೇಲಿರಬೇಕು. ನಗುವ ಮುಖಕ್ಕೂ ಅಳುವ ಮುಖಕ್ಕೂ ನಡುವೆ ಒಂದು ರವಿವಾರ ಇತ್ತು.

ಆ ರವಿವಾರ ಸಪ್ತಾಪುರದ ಅರ್ಜುನಪ್ಪನವರ ಮನೆಗೆ ಅಪ್ಪನ ಬುತ್ತಿ ಒಯ್ದಿದ್ದಳು, ಓದುವ ಹುಡುಗರಿಗೆ ಬಾಡಿಗೆ ಕೊಡಲೆಂದು ಮೇಲೊಂದು ಖೋಲಿ, ಖೋಲಿಗೊಂದು ಗ್ಯಾಲರಿ, ಒಂದೇ ಕಡೆ ಗೋಡೆ ಹಿಡಿದು ಓಣಿಯ ಮೇಲೆ ಚಾಚಿಕೊಂಡದ್ದು, ಕೆಳಗೆ ಸಾಲಾಗಿ ಬೊಂಬು, ಮೇಲೆ ಹಲಗೆ, ಹಲಗೆಯ ಮೇಲೆ ಗಾರೆ ಕೆಲಸದ ಅಪ್ಪ, ಗೌಂಡಿ ಹುಲಗಪ್ಪ, ಕುಕ್ಕರಗಾಲಲ್ಲಿ ಕುಂತು ಸರಳಿಗೆ ತಂತಿ ಬಿಗಿಯುತ್ತಿದ್ದ, ಸರಳು ಹಲಗೆಗೆ ತಾಗದ ಹಾಗೆ ಎತ್ತರದಲ್ಲಿ ಹಾಸಿದ್ದ. ಅಪ್ಪಾ, ಸರಳು ಯಾಕ ಮ್ಯಾಲ ಇಟ್ಟಿ? ನಮ್ಮಪ್ಪ ಇಡತಿದ್ದ, ನಾ ಇಡತೇನಿ, ಖೋಲಿಗೆ ಕೆಳಗ, ಗ್ಯಾಲರಿಗೆ ಮ್ಯಾಲ, ಯಾಕ ಅಂತ ಯಾರು ಕೇಳ್ಯಾರವಾ. ತಪ್ಪಪಾ ಅದು, ಜಗ್ಗೂದು ಕೆಳಗ. ರೊಟ್ಟಿ ಸುತ್ತಿದ್ದ ಪೇಪರಿನ ಅಂಚಿಗೆ ಅಪ್ಪನ ಪೆನ್ಸಿಲ್ಲಿನಿಂದಲೇ ಬರೆದು ತೋರಿಸಿದಳು, ವಾರದ ಹಿಂದಷ್ಟೇ ಕಲಿತ ಒಂದೇ ಒಂದು ಚಿತ್ರ, ಇದೇನವಾ, ಗುಡ್ಡಾ ತಗದೀ? ಗುಡ್ಡ ಅಲ್ಲೋ ಅಪ್ಪಾ, ಮೊಮೆಂಟ್! ಅಪ್ಪ ಬಹಳ ಹೊತ್ತು ಆ ಗುಡ್ಡ ನೋಡಿದ, ಸರಳು ನೋಡಿದ, ಅವನ ಕೈಗೆ ಗೊತ್ತಿತ್ತು, ಮೂವತ್ತು ವರ್ಷದ ಕೈಗೆ ಗೊತ್ತಿತ್ತು, ಕೈ ತಂತಿಯ ಮೇಲೆ ಒಂದು ಗಳಿಗೆ ತಡೆದದ್ದು ಅವಳು ಈ ಕಣ್ಣಿಂದಲೇ ಕಂಡಿದ್ದಳು, ಆಮೇಲೆ, ಆತ್ ಬಿಡವಾ, ನಿನ್ನ ಮೊಮೆಂಟಿಗೆ ನಾ ಎದುರಾಡಾಂವಲ್ಲ, ಒಂದೊಂದೇ ತಂತಿ ಬಿಚ್ಚಿ ಸರಳೆಲ್ಲ ಕೆಳಕ್ಕಿಳಿಸಿದ. ಅರ್ಜುನಪ್ಪನವರು ಕೆಳಗಿನಿಂದ, ಏನೋ ಹುಲಗಪ್ಪಾ, ಗೌಂಡಿಗೆ ಹುಡುಗಿ ಪಾಠ ಹೇಳಾಕತ್ತಾಳಲ್ಲೋ! ಅಪ್ಪ ಮೇಲಿನಿಂದ, ಓಣಿಗೆಲ್ಲ ಕೇಳುವ ಹಾಗೆ, ಹೇಳ್ಲಿ ಬಿಡ್ರಿ, ಹೇಳಾಕಂತನ ಕಲಿಸೇನಿ.

ಮರುದಿನ ಕಾಂಕ್ರೀಟ್ ಬಿತ್ತು, ಸರಳು ಕಾಣದಾಯಿತು, ಇಪ್ಪತ್ತೆಂಟು ದಿನ ಅಪ್ಪ ಅದಕ್ಕೆ ನೀರುಣಿಸಿದ, ಕೂಸಿಗೆ ಎರೆದ ಹಾಗೆ, ಮತ್ತೆ ಇವತ್ತು ಮುಂಜಾನೆ ಉಪ್ಪಿನಬೆಟಗೇರಿಯ ಬಸ್ ಸ್ಟ್ಯಾಂಡಿನಲ್ಲಿ ಅವ್ವ ಕಸ್ತೂರೆವ್ವ ತಲೆ ಸವರಿ, ಇತ್ತಾಗ ನಿಂದು ಪರೀಕ್ಷಾ, ಅತ್ತಾಗ ನಿಮ್ಮಪ್ಪಂದು ಸೆಂಟ್ರಿಂಗ್ ಬಿಚ್ಚೂದು, ಎರಡೂ ಛಲೋ ಆಗಲಿ. ಗ್ಯಾಲರಿ ಕೆಳಗಿನ ಬೊಂಬು ಹಲಗಿ ಹತ್ತೂವರಿಗೆ ಬಿಚ್ಚತೇವಿ ಅಂದಿದ್ದ ಅಪ್ಪ. ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ ಹನ್ನೆರಡು ನಿಮಿಷ. ಆಳುಗಳು ಒಂದೊಂದೇ ಬೊಂಬು ತೆಗೆಯುತ್ತಾರೆ, ಕಡೆಯದನ್ನು ಅಪ್ಪ ಯಾರಿಗೂ ಮುಟ್ಟಗೊಡುವುದಿಲ್ಲ, ಎಲ್ಲರನ್ನೂ ದೂರ ಕಳಿಸಿ, ಮನೆಯ ಯಜಮಾನನನ್ನು ಎದುರಿಗೆ ನಿಲ್ಲಿಸಿ, ತಾನೊಬ್ಬನೇ ಕೆಳಗೆ ಹೋಗಿ ನಿಲ್ಲುತ್ತಾನೆ, ಎಡಗೈ ಮೇಲೆತ್ತಿ ಅಂಗೈ ಸ್ಲ್ಯಾಬಿನ ಹೊಟ್ಟೆಗೆ ಒತ್ತಿ, ಬಲಗೈಯಲ್ಲಿ ಸುತ್ತಿಗೆ, ತನ್ನ ಕೆಲಸದ ಕೆಳಗ ನಿಂದ್ರಾಕ ಗೌಂಡಿಗೆ ಧೈರ್ಯ ಇಲ್ಲಂದ್ರ ಮಾಲಕ ಅದರ ಮ್ಯಾಲ ಹೆಂಗ ನಿಂದ್ರಬೇಕ್ರಿ, ಅನ್ನುತ್ತಾನೆ — ಭಾಗ್ಯಾ ಎದ್ದು ನಿಂತಳು, ಎದ್ದದ್ದು ಬೆಂಚು ಸರಿದ ಸದ್ದಿನಿಂದ ಅವಳಿಗೇ ಗೊತ್ತಾಯಿತು. ಸರ್, ಹೊರಗ ಬಿಡ್ರಿ. ಮೇಲ್ವಿಚಾರಣೆಯ ಮೈಲಾರಲಿಂಗಪ್ಪ ಸರ್ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡವರು, ಒಂದು ತಾಸು ಆಗೂಮಟ ಬಿಡಾಂಗಿಲ್ಲವಾ, ಹತ್ತೂವರಿ ಗಂಟಿ ಹೊಡೀಲಿ. ಸರ್, ನಮ್ಮಪ್ಪಗ ಒಂದ್ ಫೋನ್ ಮಾಡ್ರಿ, ಗ್ಯಾಲರಿ ಬೀಳತೈತ್ರಿ. ಯಾರೋ ಕಿಸಕ್ಕೆಂದರು. ಪ್ರತಿ ಪರೀಕ್ಷಾದಾಗೂ ಯಾರರ ಅಪ್ಪಗ ಏನರ ಆಗೇ ಆಗತೈತಿ, ನನ್ನ ಫೋನೂ ಆಫೀಸಿನ್ಯಾಗ ಇಟ್ಟು ಬಂದೇನಿ, ಕೂಡು, ನೀರು ಕುಡಿ, ಪೇಪರ್ ಏನ್ ಅಷ್ಟ ಕಠಿಣ ಇಲ್ಲ. ಫೋನ್ ಮಾಡಿದರೂ ಎತ್ತುವವರು ಯಾರು, ಕೆಲಸಕ್ಕೆ ನಿಂತರೆ ಅಪ್ಪನ ಫೋನ್ ಸ್ಕೂಟರಿನ ಡಿಕ್ಕಿಯಲ್ಲಿ. ಕುಂತಳು. ಓಡಬೇಕಿತ್ತು, ಕುರ್ಚಿ ದಾಟಿ ಓಡಬೇಕಿತ್ತು, ಆದರೆ ಸರ್ ಕೂಡು ಅಂದರೆ ಕೂಡುವ ಕಾಲು ಇವು, ಮತ್ತೆ ಈ ಸಲವೂ ತಪ್ಪಾಗಿದ್ದರೆ, ಅವತ್ತು ಎಷ್ಟು ಖಾತ್ರಿಯಿಂದ ಕೆಳಗೆ ಅಂದಳೋ ಇವತ್ತು ಅಷ್ಟೇ ಖಾತ್ರಿಯಿಂದ ಮೇಲೆ ಅನ್ನುತ್ತಿದ್ದಾಳೆ, ಇನ್ನೊಮ್ಮೆ ಬರೆದು ನೋಡು, ಗೋಡೆ ಬರೆ, ತೊಲೆ ಬರೆ, ಹತ್ತರ ಬಾಣ ಬರೆ, ಹತ್ತು ಎರಡಲೆ ಇಪ್ಪತ್ತು, ಮೈನಸ್, ಬೆನ್ನು, ಮೇಲೆ, ಮತ್ತೆ ಬರೆ, ಮೈನಸ್, ಮತ್ತೆ ಮೈನಸ್.

ಹತ್ತು ಇಪ್ಪತ್ತಾರು, ಈಗ ಐದು ಬೊಂಬು ಹೋಗಿರಬೇಕು, ಆರು, ಅವಳ ಪೆನ್ಸಿಲ್ ತಾನಾಗಿ ತೊಲೆಯ ಗಾಳಿತುದಿಯ ಕೆಳಗೆ ಒಂದು ನೆಟ್ಟಗಿನ ಗೆರೆ ಎಳೆಯಿತು, ನೆಲದವರೆಗೆ, ಬೊಂಬು, ಹತ್ತು ಕಿಲೋನ್ಯೂಟನ್ ಭಾರವೆಲ್ಲ ಬೊಂಬಿನೊಳಗೆ ಇಳಿದುಹೋಯಿತು, ಗೋಡೆಗೆ ಏನೂ ಇಲ್ಲ, ಇಪ್ಪತ್ತೂ ಇಲ್ಲ ಮೈನಸ್ಸೂ ಇಲ್ಲ, ಎಲ್ಲ ಸೊನ್ನೆ, ತೊಲೆ ನಗುವುದೂ ಇಲ್ಲ ಅಳುವುದೂ ಇಲ್ಲ, ಸುಮ್ಮನಿದೆ, ಇದೊಂದು ಗೆರೆ ಇದ್ದರೆ ಸಾಕು — ಪ್ರಶ್ನೆಯಲ್ಲಿ ಇಲ್ಲ ಈ ಗೆರೆ, ಅಳಿಸಬೇಕು, ಅಳಿಸಿದರೇ ಉತ್ತರ, ರಬ್ಬರ್ ಕೈಯಲ್ಲಿದೆ, ಕೈ ಹೋಗುತ್ತಿಲ್ಲ, ಹೊರಗೆ ಪಡಸಾಲೆಯಲ್ಲಿ ಸಿಪಾಯಿ ಗಂಟೆಯ ಕಡೆ ನಡೆದು ಬರುತ್ತಿರುವ ಚಪ್ಪಲಿಯ ಸದ್ದು, ಸುತ್ತಿಗೆ ಎತ್ತಿದನೇನು, ಬೇಡಪ್ಪಾ, ಗೆರೆ ಇದೆ, ಇನ್ನೂ ಇದೆ, ನಾ ಅಳಿಸಿಲ್ಲ, ಠಣ್, ಹತ್ತೂವರೆ — ಮೇಲೆತ್ತಿದ ಎಡಗೈ, ಸಿಮೆಂಟು ಕಚ್ಚಿ ಬಿರಿದ ಅಂಗೈ, ಸ್ಲ್ಯಾಬಿನ ಹೊಟ್ಟೆಗೆ ಒತ್ತಿಕೊಂಡದ್ದು, ಬೊಂಬಿನ ಜಾಗದಲ್ಲಿ ಈಗ ಆ ಅಂಗೈ, ಒಂದು ಅಂಗೈ.